ಇದ್ದ ಊರಲ್ಲೇ ಸಿಕ್ಕಿದ ಕರೆ

38 ವರ್ಷದವರೆಗೆ ನನ್ನ ಪ್ರಾರ್ಥನೆ ಒಂದೇ: ಕರ್ತನೇ, ನನ್ನನ್ನು ಎಲ್ಲಿಗೆ ಕಳುಹಿಸುತ್ತೀ? ದೇವರ ಕರೆ ಬಂತೆಂದರೆ ಊರು ಬಿಡಬೇಕು ಎಂದೇ ನಂಬಿದ್ದೆ. ಅಬ್ರಹಾಮ ಹೊರಟ, ಪೌಲ ಹೊರಟ. ನಾನು ದಿನಾ ಬೆಳಿಗ್ಗೆ ಮಂಜೇಶ್ವರದಿಂದ ಮಂಗಳೂರಿಗೆ ಹೋಗಿ, ಲೆಕ್ಕ ಬರೆದು, ಸಂಜೆ ಮನೆಗೆ ಬರುತ್ತಿದ್ದೆ. ಸಭೆಯಲ್ಲಿ ಯುವಜನರ ಕೂಟ ನಡೆಸಿ ನೋಡಿದೆ, ಪ್ರಸಂಗ ಮಾಡಿ ನೋಡಿದೆ. ಯಾವುದೂ ಒಗ್ಗಲಿಲ್ಲ.

2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಕೇರಳಕ್ಕೂ ಕರ್ನಾಟಕಕ್ಕೂ ನಡುವಿನ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ದಿನಾ ಹೋಗಿ ಬರುತ್ತಿದ್ದ ಮಂಗಳೂರು ಪರದೇಶವಾಯಿತು. ಕೆಲವು ತಿಂಗಳಲ್ಲಿ ಕೆಲಸವೂ ಹೋಯಿತು.

ಆಗಲೇ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯವನ್ನು ಮೊದಲಿನಿಂದ ಓದಿದ್ದು. ಅದರ 11ನೇ ವಚನ ನಮ್ಮ ಮನೆಯ ಕ್ಯಾಲೆಂಡರಿನಲ್ಲೇ ಇತ್ತು. ದೇವರು ನಮಗಾಗಿ ಯೋಚಿಸುವುದು ಹಿತವನ್ನೇ, ಕೇಡನ್ನಲ್ಲ ಎಂಬ ಮಾತು. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರದ ನಡುವೆ ಬರುತ್ತದೆ ಎಂಬುದನ್ನು ಅಷ್ಟು ದಿನ ಗಮನಿಸಿರಲಿಲ್ಲ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರುತ್ತಾನೆ. ಯೆರೆಮೀಯ 70 ವರ್ಷ ಎನ್ನುತ್ತಾನೆ. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ.

ಕಾಸರಗೋಡಿನ ಕನ್ನಡಿಗನಿಗೆ ಇದು ಓದಿ ದಾಟಿಹೋಗುವ ಮಾತಲ್ಲ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. "ಇವತ್ತಲ್ಲ ನಾಳೆ ಆಚೆಗೆ ಸೇರ್ತೇವೆ" ಎಂದು ನಮ್ಮಜ್ಜ ಕೊನೆಯವರೆಗೂ ಹೇಳುತ್ತಿದ್ದರು. ಆ ನೋವು ಸಣ್ಣದು ಎಂದು ನಾನು ಹೇಳಲಾರೆ. ಆದರೆ ಆಚೆಗೇ ಕಣ್ಣು ನೆಟ್ಟಿದ್ದ ನಾನು ಸ್ವಂತ ಓಣಿಯ ಮನೆಗಳನ್ನು ಸರಿಯಾಗಿ ನೋಡಿರಲಿಲ್ಲ.

ಅಂದಿನಿಂದ "ಎಲ್ಲಿಗೆ" ಎಂದು ಕೇಳುವುದನ್ನು ಬಿಟ್ಟೆ. ದೇವರು ಮೋಶೆಯನ್ನು ಕೇಳಿದ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ: ನಿನ್ನ ಕೈಯಲ್ಲಿ ಏನಿದೆ? ಒಂದು ನೋಟ್‌ಬುಕ್ ಇಟ್ಟೆ. ರಾತ್ರಿ ಪ್ರಾರ್ಥನೆ ಆದ ಮೇಲೆ ಎರಡೇ ಸಾಲು: ಇವತ್ತು ಯಾರು ಏನು ಕೇಳಿಕೊಂಡು ಬಂದರು, ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮೂರು ತಿಂಗಳ ನಂತರ ತಿರುವಿ ನೋಡಿದರೆ, ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: ಈ ಕಾಗದದಲ್ಲಿ ಎಂತ ಬರ್ದಿದೆ?

ಅವರಲ್ಲಿ ಒಬ್ಬರು ಪಕ್ಕದ ಓಣಿಯ ಅಕ್ಕ. ಬೀಡಿ ಕಟ್ಟುವವರು, ಗಂಡ ತೀರಿಹೋಗಿ ಆರು ವರ್ಷ. ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಮಡಿಕೆಯಲ್ಲಿ ಹೊಗೆಸೊಪ್ಪಿನ ಹುಡಿ ಕೂತಿತ್ತು. "ತೀರ್ವೆಯ ಕಾಗದವಾ ಮಾರಾಯ್ರೆ?" ಎಂದರು, ಭೂಕಂದಾಯದ್ದೆಂದು ಎಣಿಸಿ. ಅಕ್ಷರ ಪೂರ್ತಿ ಮಲಯಾಳ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಐದರವರೆಗೆ. ವಿಧವಾ ಪಿಂಚಣಿ ಮುಂದುವರಿಯಬೇಕಾದರೆ ಮರುಮದುವೆಯಾಗಿಲ್ಲ ಎಂಬ ದೃಢೀಕರಣ ಕೊಡಬೇಕೆಂದು ಅದರಲ್ಲಿತ್ತು. ಅವಧಿ ಮುಗಿದಿತ್ತು. ಹಣ ನಿಂತು ಎರಡು ತಿಂಗಳಾಗಿದ್ದರೂ, ಬ್ಯಾಂಕಿಗೆ ಬಂದಿಲ್ಲ, ತಡವಾಗಿರಬೇಕು ಎಂದು ಅವರು ಕಾಯುತ್ತಲೇ ಇದ್ದರು.

ನಾನೂ ಕನ್ನಡ ಮಾಧ್ಯಮದವನೇ. ಮಲಯಾಳ ಓದಲು ಕಲಿತದ್ದು ಬಸ್ಸಿನ ಬೋರ್ಡು ನೋಡಿ, ಆಮೇಲೆ ಸಹೋದ್ಯೋಗಿಯೊಬ್ಬರ ಪತ್ರಿಕೆ ಇಸಕೊಂಡು. ಅದೊಂದು ವರ ಎಂದು ಯಾವತ್ತೂ ಎಣಿಸಿರಲಿಲ್ಲ. ಅರ್ಜಿ ತುಂಬಿದೆ, ವಿಲ್ಲೇಜ್ ಆಫೀಸಿಗೂ ಪಂಚಾಯತಿಗೂ ಅವರೊಟ್ಟಿಗೆ ನಡೆದೆ. ಆ ರಾತ್ರಿ ನೋಟ್‌ಬುಕ್ಕಿನ ಎರಡನೇ ಸಾಲು ಬರೆಯುವಾಗ ಕಣ್ಣು ತುಂಬಿತು.

ಸಭಾಪಾಲಕರಿಗೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ, ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ಕೈಗೆ ಕೊಟ್ಟರು. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆ ನಡೆಯುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಅದಕ್ಕಾಗಿ ಏಳು ಮಂದಿಯನ್ನು ಆರಿಸಿದರು. ಏಳೂ ಗ್ರೀಕ್ ಹೆಸರುಗಳು. ಸ್ತೆಫನನನ್ನು ನಾವು ಹುತಾತ್ಮನೆಂದು ನೆನೆಯುತ್ತೇವೆ. ಅವನನ್ನು ಮೊದಲು ನೇಮಿಸಿದ್ದು ಭಾಷೆಯ ದೆಸೆಯಿಂದ ಪಾಲು ತಪ್ಪಿದ ಹೆಂಗಸರ ಊಟದ ಕೆಲಸಕ್ಕೆ. ನಾನು ಬಾಲ್ಯದಿಂದ ಓದಿದ ಅಧ್ಯಾಯ ಅದು. ನಮ್ಮ ಓಣಿಯ ಕಥೆ ಅದರಲ್ಲಿ ಇದೆಯೆಂದು ಕಂಡಿರಲಿಲ್ಲ.

ಕರೆ ಸಿಕ್ಕಿತೆಂದು ಒಮ್ಮೆಲೇ ಘೋಷಿಸಬೇಡಿ, ನಿಮ್ಮನ್ನು ಬಲ್ಲ ಇಬ್ಬರನ್ನು ಕೇಳಿ, ಆರು ತಿಂಗಳು ಮಾಡಿ ನೋಡಿ ಎಂದೂ ಸಭಾಪಾಲಕರು ಹೇಳಿದರು. ಹೆಂಡತಿಯನ್ನೂ ಒಬ್ಬ ಹಳೆಯ ಸ್ನೇಹಿತನನ್ನೂ ಕೇಳಿದೆ. ಇಬ್ಬರೂ ಇದನ್ನು ನನಗಿಂತ ಮೊದಲೇ ಕಂಡಿದ್ದರು. ಈ ಹಂತ ಬಿಡಬಾರದು. ಒಬ್ಬನೇ ಕೂತು ಕೇಳಿಸಿಕೊಂಡ ದನಿ ದೇವರದೋ ನಮ್ಮ ಆಸೆಯದೋ ಎಂದು ತಿಳಿಯಲು ಇನ್ನೊಬ್ಬರ ಕಿವಿ ಬೇಕು.

ಹೊಟ್ಟೆಪಾಡಿಗೆ ಈಗ ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಜಗಲಿಯಲ್ಲಿ ಮೇಜು ಹಾಕುತ್ತೇನೆ. ರೇಷನ್ ಕಾರ್ಡು, ಪಿಂಚಣಿಗೆ ಬದುಕಿದ್ದೇವೆಂದು ದೃಢಪಡಿಸುವ ಮಸ್ಟರಿಂಗ್, ಆಸ್ಪತ್ರೆಯ ಚೀಟಿ, ಏನು ತಂದರೂ ಓದಿ ಹೇಳುತ್ತೇನೆ, ಸರಕಾರಿ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರಕ್ಕೆ ಹೋಗುವುದಿದ್ದರೆ ಜೊತೆಗೆ ಹೋಗುತ್ತೇನೆ. ಬರುವವರಲ್ಲಿ ಹಿಂದೂಗಳು, ಬ್ಯಾರಿಗಳು, ನಮ್ಮವರು ಎಲ್ಲರೂ ಇದ್ದಾರೆ. ಇದರಿಂದ ಎಷ್ಟು ಆತ್ಮಗಳು ಸಭೆಗೆ ಬಂದವು ಎಂದು ಹಿರಿಯರೊಬ್ಬರು ಕೇಳಿದರು. ನಾನು ಯಾರ ಶಿಷ್ಯನೆಂದು ಊರಿಗೆಲ್ಲ ಗೊತ್ತು. ಆದರೆ ಅರ್ಜಿ ಹಿಡಿದು ಬಂದವರ ಅಗತ್ಯವನ್ನು ಬಲೆ ಮಾಡಿಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಗುಣವಾದದ್ದು ಹತ್ತೂ ಮಂದಿಗೆ.

ಶುಕ್ರವಾರ ರಾತ್ರಿ ನೋಟ್‌ಬುಕ್ ತೆರೆದು ಹೆಸರು ಹೆಸರಾಗಿ ಪ್ರಾರ್ಥಿಸುತ್ತೇನೆ. ಬೀಡಿ ಕಟ್ಟುವ ಅಕ್ಕನ ಮಗಳು ಈಗ ಪ್ಲಸ್ ಟು. ಹೋದ ತಿಂಗಳಿಂದ ಶನಿವಾರ ಅವಳೂ ಬಂದು ಮೇಜಿನ ಆ ಬದಿಯಲ್ಲಿ ಕೂರುತ್ತಾಳೆ. ಅವಳ ಮಲಯಾಳ ಅಕ್ಷರ ನನ್ನದಕ್ಕಿಂತ ದುಂಡಗಿದೆ.