ತೊರೆಯಲ್ಲಿ ಚಿನ್ನ ಜಾಲಿಸುವುದು ಹೇಗೆ?

ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಈಶಾನ್ಯ ಅಂಚಿನಲ್ಲಿ ವಾರಂಡೈಟ್ ಎಂಬ ಬಡಾವಣೆ ಇದೆ. ಆಂಡರ್ಸನ್ಸ್ ಕ್ರೀಕ್ ಎನ್ನುವ ಪುಟ್ಟ ತೊರೆ ಅಲ್ಲೇ ಯಾರಾ ನದಿಗೆ ಸೇರುತ್ತದೆ. 1851ರಲ್ಲಿ ಲೂಯಿ ಮಿಷೆಲ್ ಮತ್ತು ಜೊತೆಗಾರರಿಗೆ ಚಿನ್ನ ಕಂಡದ್ದು ಈ ತೊರೆಯಲ್ಲಿ. ಅದೇ ವರ್ಷ ಮೆಲ್ಬರ್ನ್ ಇರುವ ವಿಕ್ಟೋರಿಯಾ ಪ್ರಾಂತ್ಯಕ್ಕೆ ಜನ ಚಿನ್ನಕ್ಕಾಗಿ ಮುಗಿಬಿದ್ದರು. ಈಗ ಸುತ್ತಲೂ ಮನೆಗಳಿವೆ. ಆದರೂ ಇಂಥ ಹಳೆಯ ಚಿನ್ನದ ಸೀಮೆಯ ತೊರೆಗಳ ಮರಳಿನಲ್ಲಿ ಸಾಸಿವೆಗಿಂತ ಸಣ್ಣ ಚೂರುಗಳು ಇವತ್ತಿಗೂ ಸಿಗುತ್ತವೆ. ಅದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಬೋಗುಣಿಯ ಅಂಚಿನಲ್ಲಿ ಮೊದಲ ಹಳದಿ ಚುಕ್ಕೆ ಕಂಡಾಗ ಆಗುವ ಖುಷಿಯೇ ಬೇರೆ.

ಮೊದಲ ಕೆಲಸ ಮನೆಯಲ್ಲೇ ಕೂತು ಮಾಡುವಂಥದ್ದು. ವಿಕ್ಟೋರಿಯಾದಲ್ಲಿ ಚಿನ್ನ ಹುಡುಕಲು ‘ಮೈನರ್ಸ್ ರೈಟ್’ ಎಂಬ ಪರವಾನಗಿ ಬೇಕು. ಆನ್‌ಲೈನಿನಲ್ಲೇ ಸಿಗುತ್ತದೆ, 10 ವರ್ಷ ನಡೆಯುತ್ತದೆ. ಸಿಕ್ಕಿದ ಚಿನ್ನ ನಿಮ್ಮದೇ. ಈ ಚೀಟಿಯ ಹಿಂದೆ ದೊಡ್ಡ ಕಥೆಯಿದೆ. ಮೊದಲೆಲ್ಲ ಚಿನ್ನ ಸಿಗಲಿ ಬಿಡಲಿ, ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅದರ ವಿರುದ್ಧ 1854ರಲ್ಲಿ ಬಲ್ಲಾರಟ್‌ನ ಯುರೇಕಾದಲ್ಲಿ ಗಣಿಗಾರರು ದಂಗೆ ಎದ್ದರು, ಜೀವ ಕೊಟ್ಟರು. ಮರುವರ್ಷ ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು, ಜೊತೆಗೆ ಮತದ ಹಕ್ಕೂ ಬಂತು. ಅಷ್ಟು ಕಷ್ಟಪಟ್ಟು ಪಡೆದ ಹಕ್ಕು ಇದು. ಸುಮ್ನೆ ಯಾರು ನೋಡುತ್ತಾರೆ ಅಂತ ಪರವಾನಗಿ ಇಲ್ಲದೆ ಹೋಗಬೇಡಿ.

ಪರವಾನಗಿ ಇದ್ದರೂ ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ಸರ್ಕಾರಿ ಜಾಗ ಆಗಬಹುದು. ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಬೇಕು. ಪಾರ್ಕುಗಳ ಒಳಗೆ ಗುರುತಿಸಿಕೊಟ್ಟ ಕಡೆ ಮಾತ್ರ ಅವಕಾಶ. ಕೆಲವು ನದಿ, ತೊರೆಗಳನ್ನು ಪೂರ್ತಿ ಹೊರಗಿಟ್ಟಿದ್ದಾರೆ. ಸರ್ಕಾರದ ‘ಜಿಯೊವಿಕ್’ ನಕ್ಷೆಯಲ್ಲಿ ನಿಮ್ಮ ತೊರೆಯನ್ನು ಹುಡುಕಿ ನೋಡಿಕೊಂಡೇ ಹೊರಡಿ.

ಸಾಮಾನು ಜಾಸ್ತಿ ಬೇಡ. ಒಳಗೆ ಚಿನ್ನ ತಡೆಯುವ ಗೀರುಗಳಿರುವ ಪ್ಲಾಸ್ಟಿಕ್ ಪ್ಯಾನ್ (ಅಗಲ ಬೋಗುಣಿ), ಕೈ ಸಲಿಕೆ, ಜರಡಿ, ಬಕೆಟ್, ಚೂರುಗಳನ್ನು ಹೀರುವ ಮೆತ್ತನೆಯ ಬಾಟಲಿ. ಹಸಿರು ಅಥವಾ ಕಪ್ಪು ಪ್ಯಾನ್ ಆದರೆ ಚಿನ್ನ ಚೆನ್ನಾಗಿ ಕಾಣುತ್ತದೆ. ಮೋಟಾರ್ ಹಾಕಿದ ಅಗೆಯುವ ಯಂತ್ರ ತರುವಂತಿಲ್ಲ. ಕೈಯಲ್ಲಿ ಮಾಡುವ ಕೆಲಸ ಮಾತ್ರ.

ಇನ್ನು ಎಲ್ಲಿ ಅಗೆಯುವುದು? ಹೊಸಬರು ಎಡವುವುದೇ ಇಲ್ಲಿ. ಚಿನ್ನ ನೀರಿಗಿಂತ 19 ಪಟ್ಟು ಭಾರ. ಮಾಮೂಲಿ ಮರಳು ಎರಡೂವರೆ ಪಟ್ಟು ಚಿಲ್ಲರೆ, ಅಷ್ಟೇ. ಹಾಗಾಗಿ ಪ್ರವಾಹದ ರಭಸ ಎಲ್ಲಿ ತಗ್ಗುತ್ತದೋ ಅಲ್ಲಿ ಚಿನ್ನ ಮೊದಲು ಕೆಳಗಿಳಿಯುತ್ತದೆ. ತಿರುವಿನ ಒಳಬದಿ ನೋಡಿ. ದೊಡ್ಡ ಕಲ್ಲಿನ ಹಿಂಬದಿ, ಅಂದರೆ ನೀರು ಹರಿದುಹೋಗುವ ಕಡೆ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ತಳದ ಬಂಡೆಯ ಬಿರುಕು. ಅಲ್ಲಿ ಸಿಕ್ಕಿಕೊಂಡ ಚೂರಿಗೆ ಮುಂದೆ ಹೋಗಲು ದಾರಿಯೇ ಇರುವುದಿಲ್ಲ. ಮೇಲಿನ ಸಡಿಲ ಮರಳನ್ನೇ ಇಡೀ ದಿನ ತೊಳೆದರೆ ಬೆನ್ನುನೋವು ಬಿಟ್ಟು ಬೇರೇನೂ ಸಿಗದು. ಬಿರುಕನ್ನು ಕೆರೆದು ತೆಗೆದ ಒಂದು ಹಿಡಿ ಮಣ್ಣು ಒಂದು ಬಕೆಟ್ ಮರಳಿಗಿಂತ ಮೇಲು. ದಡವನ್ನು ಮಾತ್ರ ಕೊರೆಯಬೇಡಿ, ಗಿಡಮರದ ಬೇರು ಕೆದಕಬೇಡಿ. ಮೂಲನಿವಾಸಿಗಳ ಕಲ್ಲಿನ ಉಪಕರಣದಂಥದ್ದು ಕಂಡರೆ ಮುಟ್ಟದೆ ಅಲ್ಲಿಗೇ ಕೆಲಸ ನಿಲ್ಲಿಸಿ.

ಅಕ್ಕಿಯಲ್ಲಿ ಕಲ್ಲು ಜಾಲಿಸಿ ಗೊತ್ತಿದ್ದವರಿಗೆ ಮುಂದಿನ ಕೆಲಸ ಬೇಗ ಒಗ್ಗುತ್ತದೆ. ಜರಡಿ ಹಿಡಿದ ಮಣ್ಣನ್ನು ಪ್ಯಾನಿಗೆ ಅರ್ಧದಷ್ಟು ಹಾಕಿ ನೀರಿನಲ್ಲಿ ಮುಳುಗಿಸಿ. ಜೇಡಿಮಣ್ಣಿನ ಉಂಡೆಗಳನ್ನು ಬೆರಳಿನಿಂದ ಪೂರ್ತಿ ಹಿಸುಕಿ, ಇಲ್ಲದಿದ್ದರೆ ಚಿನ್ನ ಅದಕ್ಕೇ ಅಂಟಿಕೊಂಡು ಹೊರಗೆ ಹೋಗುತ್ತದೆ. ಪ್ಯಾನನ್ನು ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ. ಭಾರದ್ದೆಲ್ಲ ತಳಕ್ಕೆ ಕೂರಬೇಕು. ಆಮೇಲೆ ಗೀರುಗಳಿರುವ ಬದಿಯನ್ನು ಮುಂದಕ್ಕೆ ಬಾಗಿಸಿ, ನೀರು ಒಳಗೆ ಬಂದು ಹೋಗುವಂತೆ ಮೆಲ್ಲಗೆ ಅದ್ದಿ ಎತ್ತಿ. ಮೇಲಿನ ಹಗುರ ಮರಳು ಜಾರಿಹೋಗುತ್ತದೆ. ನಾಲ್ಕೈದು ಸಲ ಅದ್ದಿದ ಮೇಲೆ ಮತ್ತೆ ಮಟ್ಟ ಮಾಡಿ ಅಲ್ಲಾಡಿಸಿ. ಈ ಅಲ್ಲಾಡಿಸುವುದನ್ನು ಬಿಟ್ಟು ಬರೀ ತೊಳೆಯುತ್ತಾ ಹೋದರೆ ಚಿನ್ನವನ್ನೂ ತೊರೆಗೆ ವಾಪಸ್ ಕೊಟ್ಟಂತೆ. ಎರಡು ಚಮಚ ಕಪ್ಪು ಮರಳು ಉಳಿದಾಗ ಆತುರ ಬೇಡ. ಸ್ವಲ್ಪ ನೀರು ಹಾಕಿ, ನಿಧಾನಕ್ಕೆ ಸುತ್ತಿಸಿ. ಕಪ್ಪು ಮರಳಿನ ಬಾಲದಲ್ಲಿ ಹಳದಿ ಹಿಂದೆ ಉಳಿಯುತ್ತದೆ.

ಅದು ಚಿನ್ನವೇ ಅಲ್ವಾ ಅಂತ ಸಂಶಯವಿದ್ದರೆ ಪ್ಯಾನಿನ ಮೇಲೆ ನಿಮ್ಮ ನೆರಳು ಬೀಳಿಸಿ. ಚಿನ್ನ ನೆರಳಿನಲ್ಲೂ ಹಳದಿಯೇ. ಕಾಗೆಬಂಗಾರ ಬಿಸಿಲಿಲ್ಲದಿದ್ದರೆ ಮಂಕಾಗುತ್ತದೆ, ನೀರಿನಲ್ಲಿ ತೇಲಾಡುತ್ತದೆ. ಸೂಜಿಯಿಂದ ಒತ್ತಿದರೆ ಚಿನ್ನದಲ್ಲಿ ತಗ್ಗು ಬೀಳುತ್ತದೆ, ಚಿನ್ನದಂತೆಯೇ ಕಾಣುವ ಪೈರೈಟ್ ಎಂಬ ಖನಿಜ ಪುಡಿಯಾಗುತ್ತದೆ. ಸಣ್ಣ ಚೂರು ಹಿಡಿಯಲು ಪಾದರಸ ಬಳಸುವ ಹಳೇ ಪದ್ಧತಿ ಖಂಡಿತ ಬೇಡ. ಅದು ನಿಮಗೂ ವಿಷ, ಮೀನಿಗೂ ವಿಷ.

ಹೊರಡುವ ಮೊದಲು ತೋಡಿದ ಹೊಂಡಗಳನ್ನೆಲ್ಲ ಮುಚ್ಚಿ. ಇದು ಕಾಯ್ದೆಯಲ್ಲೇ ಇರುವ ಮಾತು. ಎತ್ತಿಟ್ಟ ಕಲ್ಲುಗಳನ್ನು ಇದ್ದ ಮಗ್ಗುಲಿಗೇ ಇಡಿ, ಅವುಗಳ ಅಡಿಯಲ್ಲಿ ಪುಟ್ಟ ಜೀವಿಗಳ ಮನೆ ಇರುತ್ತದೆ. ಬೇಸಿಗೆಯಾದರೆ ಹುಲ್ಲಿನಲ್ಲಿ ಹಾವು ಇರಬಹುದು, ನೋಡಿ ಹೆಜ್ಜೆ ಇಡಿ. ಹಳೆಯ ಗಣಿಗಳ ಕಸದ ಮಣ್ಣಿನಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು. ಬುತ್ತಿ ಬಿಚ್ಚುವ ಮೊದಲು ಮನೆಯಿಂದ ತಂದ ನೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ. ಆ ಸೋಪಿನ ನೀರನ್ನು ತೊರೆಗೆ ಚೆಲ್ಲದೆ ದೂರದ ಮಣ್ಣಿಗೆ ಹಾಕಿ.