ವಾಲುವುದಿಲ್ಲ ಎಂದು ನಂಬಿದ್ದೆ

ನನ್ನ ಟ್ರೈಮರಾನ್, ಅಂದರೆ ಮೂರು ಒಡಲಿನ ಹಾಯಿದೋಣಿ, ವಯಸ್ಸಿನಲ್ಲಿ ನನಗಿಂತ ದೊಡ್ಡದು. 24 ಅಡಿ ಉದ್ದ, ಪ್ಲೈವುಡ್ ಮೈ, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ನಡುವೆ ದೋಣಿ, ಎರಡೂ ಪಕ್ಕಕ್ಕೆ ಒಂದೊಂದು ಸಪೂರ ಫ್ಲೋಟ್. ಅಮೆರಿಕದ ಆರ್ಥರ್ ಪೈವರ್ ಹಿತ್ತಲಲ್ಲೇ ಕಟ್ಟಿಕೊಳ್ಳಬಹುದಾದ ನಕ್ಷೆಗಳನ್ನು ಮಾರುತ್ತಿದ್ದರಲ್ಲ, ಆ ಕಾಲದ್ದು. 1960ರಲ್ಲಿ ಅವರು ಇಂಥದೇ 30 ಅಡಿಯ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ್ದರು. ನನಗೆ ಅಷ್ಟೆಲ್ಲ ಬೇಡ. ಬೆಳಗ್ಗೆ ಹೊರಟು, ದಡ ಕಣ್ಣಿಗೆ ಬೀಳುವಷ್ಟು ದೂರದಲ್ಲೇ ಸುತ್ತಿ, ಸಂಜೆಗೆ ವಾಪಸ್ ಬಂದರೆ ಸಾಕು.

ಕೊಂಡಾಗ ಬಣ್ಣ ಫಳಫಳ ಅನ್ನುತ್ತಿತ್ತು. ಹಳೆ ಪ್ಲೈವುಡ್ ದೋಣಿಯಲ್ಲಿ ಬಣ್ಣ ನೋಡಿ ಏನು ಪ್ರಯೋಜನ? ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈ ಅಂತರಕ್ಕೊಮ್ಮೆ ತಟ್ಟುತ್ತಾ ಹೋದೆ. ಗಟ್ಟಿ ಮರ ಟಕ್ ಅನ್ನುತ್ತದೆ, ಕೊಳೆತದ್ದು ದೊಪ್. ನಡುವಿನ ದೋಣಿಯೆಲ್ಲ ಟಕ್. ಅಡ್ಡತೊಲೆಗಳು ಫ್ಲೋಟಿಗೆ ಕೂರುವ ನಾಲ್ಕು ಕಡೆಗಳಲ್ಲಿ ಎರಡು ದೊಪ್. ಆಶ್ಚರ್ಯವೇನಿಲ್ಲ. ಅಲೆಯಲ್ಲಿ ಮೂರೂ ಒಡಲುಗಳು ಬೇರೆಬೇರೆ ರೀತಿ ಏಳುತ್ತವೆ, ಬೀಳುತ್ತವೆ. ಆ ಎಳೆದಾಟವೆಲ್ಲ ಬೀಳುವುದು ಈ ಜೋಡಣೆಗಳ ಮೇಲೆ. ಬೋಲ್ಟ್ ತೂತು ಒಂದು ಕೂದಲಷ್ಟು ಸಡಿಲವಾದರೂ ನೀರು ಒಳಗೆ ಹೊಕ್ಕು ಮರದಲ್ಲೇ ಉಳಿದುಬಿಡುತ್ತದೆ.

ಒಳ್ಳೆಯ ಮರ ಸಿಗುವವರೆಗೂ ಕತ್ತರಿಸಿದೆ. ಒಣಗಲು ವಾರಗಟ್ಟಲೆ ಬಿಟ್ಟೆ. ಹೊಸ ತುಂಡು ಸೇರಿಸುವಾಗ ಅಂಚನ್ನು ಪ್ಲೈವುಡ್ ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರಾಗಿ ಹೆರೆದೆ, ಅಂದರೆ 6 ಮಿಲಿಮೀಟರ್ ಹಲಗೆಗೆ 48 ಮಿಲಿಮೀಟರ್. ಅಂಟು ಎಪಾಕ್ಸಿಯೇ. ಹಳಬರು ಬಳಿದಿದ್ದ ಪಾಲಿಯೆಸ್ಟರ್ ರಾಳ ಮರಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಬೋಲ್ಟ್ ತೂತುಗಳನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಆರಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆದೆ. ಈಗ ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಕೆಲಸದಲ್ಲಿ ಅರ್ಧ ಹೊತ್ತು ಹೋಗಿದ್ದು ಉಜ್ಜುವುದಕ್ಕೇ.

ಇನ್ನೊಂದು ವಿಷಯ. ದಡದಲ್ಲಿ ನಿಲ್ಲಿಸಿದಾಗ ಫ್ಲೋಟಿನ ಮುಚ್ಚಳಗಳನ್ನು ತೆರೆದೇ ಇಡುತ್ತೇನೆ, ಒಳಗೆ ಗಾಳಿಯಾಡಲಿ ಎಂದು. ನೀರಿಗಿಳಿಸುವಾಗ ಮರೆಯದೆ ಮುಚ್ಚಬೇಕು. ಒಮ್ಮೆ ಮರೆತಿದ್ದೆ, ಹೇಗೆ ಎಂದು ಕೇಳಬೇಡಿ.

ಓಡಿಸುವುದನ್ನು ಕಲಿತದ್ದು ಹೆದರಿದ ಮೇಲೆ. ಟ್ರೈಮರಾನ್ ಹೆಚ್ಚು ವಾಲುವುದಿಲ್ಲ, ಹಾಗಾಗಿ ನಿಶ್ಚಿಂತೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ 12 ನಾಟ್ ಇದ್ದ ಗಾಳಿ 18ಕ್ಕೆ ಏರಿತು. ಒಂದೂವರೆ ಪಟ್ಟು ತಾನೇ ಅನ್ನಿಸುತ್ತದೆ, ಅಲ್ವಾ? ಹಾಯಿಯ ಮೇಲಿನ ಒತ್ತಡ ಮಾತ್ರ ಎರಡೂಕಾಲು ಪಟ್ಟು. ಒಂಟಿ ಒಡಲಿನ ದೋಣಿಯಾಗಿದ್ದರೆ ವಾಲಿ, ಗಾಳಿಯನ್ನು ಚೆಲ್ಲಿ, 'ಹಾಯಿ ಇಳಿಸು' ಎಂದು ಹೇಳುತ್ತಿತ್ತು. ಇದು ಬಾಯಿ ಬಿಡಲಿಲ್ಲ. ಇನ್ನೂ ಜೋರಾಗಿ ಓಡಿತು, ನನಗೋ ಖುಷಿ. ಇದ್ದಕ್ಕಿದ್ದಂತೆ ಗಾಳಿಮರೆಯ, ಅಂದರೆ ಗಾಳಿ ಬರುವ ಕಡೆಗೆ ಎದುರು ಪಕ್ಕದ, ಫ್ಲೋಟಿನ ಮೂತಿ ನೀರಿನೊಳಗೆ ಹೋಯಿತು, ದೋಣಿ ಬ್ರೇಕ್ ಹಾಕಿದಂತೆ ನಿಂತಿತು, ಹಿಂಭಾಗ ಮೇಲೆದ್ದಿತು. ಮೇನ್ ಹಾಯಿಯ ಹಗ್ಗ ಕೈಯಲ್ಲೇ ಇತ್ತು, ಬಿಟ್ಟುಬಿಟ್ಟೆ. ಕ್ಲೀಟಿಗೆ (ಹಗ್ಗ ಬಿಗಿದಿಡುವ ಹಿಡಿಕೆಗೆ) ಕಟ್ಟಿದ್ದರೆ ಮಗುಚುತ್ತಿತ್ತೋ ಏನೋ. ಮಗುಚಿದ ಟ್ರೈಮರಾನ್ ಸಾಮಾನ್ಯವಾಗಿ ತೇಲುತ್ತದೆ ನಿಜ, ಆದರೆ ತಾನಾಗಿ ನೆಟ್ಟಗಾಗುವುದಿಲ್ಲ.

ಆಗಿನ ಫ್ಲೋಟುಗಳು ಈಗಿನವುಗಳಷ್ಟು ದಪ್ಪವಿಲ್ಲ, ಬೇಗ ಮುಳುಗುತ್ತವೆ. ಹಾಗಾಗಿ ನನ್ನ ಮಾಪಕ ಫ್ಲೋಟಿನ ಮೂತಿಯೇ. ಅದರ ಮೇಲೆ ಎರಡು ಸಲ ನೀರು ಹರಿದರೆ ಸಾಕು, ರೀಫ್ ಮಾಡುತ್ತೇನೆ, ಅಂದರೆ ಹಾಯಿಯನ್ನು ಸ್ವಲ್ಪ ಮಡಚಿ ಚಿಕ್ಕದು ಮಾಡುತ್ತೇನೆ. ಸರಾಸರಿ ಗಾಳಿಗಲ್ಲ, ನಡುನಡುವೆ ಜೋರಾಗಿ ಬೀಸಿ ಹೋಗುವ ಗಾಳಿಗೆ ತಕ್ಕಂತೆ. ವೇಗ ಅಂಥಾ ಕಡಿಮೆಯೇನೂ ಆಗುವುದಿಲ್ಲ.

ಟ್ಯಾಕ್ ಮಾಡುವುದೂ, ಅಂದರೆ ಮೂತಿಯನ್ನು ಗಾಳಿಗೆ ಅಡ್ಡಲಾಗಿ ದಾಟಿಸಿ ದಿಕ್ಕು ಬದಲಿಸುವುದೂ, ಮೊದಮೊದಲು ಆಗುತ್ತಿರಲಿಲ್ಲ. ದೋಣಿ ಹಗುರ, ಅಗಲ ಜಾಸ್ತಿ. ಗಾಳಿಗೆ ಮುಖ ಮಾಡಿದ ಕೂಡಲೇ ಓಟ ಸತ್ತು ನಡುವೆಯೇ ನಿಂತುಬಿಡುತ್ತದೆ. ಈಗ ಮೊದಲು ಗಾಳಿಯಿಂದ ಸ್ವಲ್ಪ ಆಚೆಗೆ ತಿರುಗಿಸಿ ವೇಗ ಹಿಡಿಸುತ್ತೇನೆ, ಚುಕ್ಕಾಣಿಯನ್ನು ನಿಧಾನವಾಗಿ ತಿರುಗಿಸುತ್ತೇನೆ, ಮೂತಿ ಗಾಳಿಯನ್ನು ದಾಟುವವರೆಗೂ ಜಿಬ್ (ಮುಂದಿನ ಚಿಕ್ಕ ಹಾಯಿ) ಬಿಡುವುದಿಲ್ಲ. ಜಿಬ್ಬಿನ ಹಿಂಬದಿಗೆ ಗಾಳಿ ತುಂಬಿ ಅದೇ ಮೂತಿಯನ್ನು ತಳ್ಳುತ್ತದೆ. ಆದರೂ ನಿಂತರೆ ಸುಮ್ನೆ ಹಿಂದಕ್ಕೆ ತೇಲಲು ಬಿಟ್ಟು, ಚುಕ್ಕಾಣಿಯನ್ನು ಎದುರು ದಿಕ್ಕಿಗೆ ತಿರುಗಿಸಿದರಾಯಿತು.

ಕಳೆದ ವಾರ ತಟ್ಟಿ ನೋಡಿದಾಗ ಬಲಗಡೆ ಹಿಂದಿನ ಜೋಡಣೆಯ ಸದ್ದು ಯಾಕೋ ಟಕ್ ಅನ್ನಲಿಲ್ಲ, ಪೂರ್ತಿ ದೊಪ್ ಅಂತಲೂ ಅಲ್ಲ. ನಾನು ಮುಟ್ಟದೆ ಬಿಟ್ಟಿದ್ದ ಎರಡರಲ್ಲಿ ಅದೂ ಒಂದು. ಬೋಲ್ಟ್ ಬಿಚ್ಚಬೇಕು.