ಮೇಲಿನ ಪದರ ಬಿರುಕು ಬಿಟ್ಟಾಗ

ನಾನು ಎಣ್ಣೆಬಣ್ಣದಲ್ಲಿ ಬರೆದ ಒಂದು ಮುಖಚಿತ್ರದ ಹಿನ್ನೆಲೆ ಮೂರೇ ತಿಂಗಳಲ್ಲಿ ಬಿರುಕು ಬಿಟ್ಟಿತು. ಒಣಗಿದ ಕೆರೆಯ ತಳದ ಹಾಗೆ. ಮೊದಲು ಕ್ಯಾನ್ವಾಸನ್ನೇ ಬೈದೆ. ತಪ್ಪು ನನ್ನದಾಗಿತ್ತು.

ತಳಕ್ಕೆ ಐವರಿ ಬ್ಲ್ಯಾಕ್ ಅನ್ನೋ ಕಪ್ಪು ಬಣ್ಣ ಬಳಿದಿದ್ದೆ, ಅದೂ ಲಿನ್ಸೀಡ್ (ಅಗಸೆ) ಎಣ್ಣೆ ಸೇರಿಸಿ. ಈ ಕಪ್ಪು ಮೊದಲೇ ಎಣ್ಣೆ ಜಾಸ್ತಿ ಕುಡಿಯುತ್ತದೆ, ಒಣಗುವುದೂ ನಿಧಾನ. ಅದರ ಮೇಲೆ ಟರ್ಪೆಂಟೈನ್ ಅನ್ನೋ ದ್ರಾವಕದಲ್ಲಿ ತೆಳು ಮಾಡಿದ ಅಂಬರ್, ಅಂದರೆ ಕಂದು ಮಣ್ಣಿನ ಬಣ್ಣ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಮೇಲಿನದು ಗಟ್ಟಿಯಾಯಿತು, ಕೆಳಗಿನದು ಇನ್ನೂ ಮೆತ್ತಗೇ ಇತ್ತು. ಬಿರುಕು ಬಿಡದೆ ಇನ್ನೇನು, ಅಲ್ವಾ?

ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಕೈಗೆ ಅಂಟದಿದ್ದರೂ ಒಳಗೆ ಹಸಿ ಇರಬಹುದು. ನಾನು ಮೋಸ ಹೋಗಿದ್ದು ಅಲ್ಲೇ.

ತೇಪೆ ಹಾಕಲು ನೋಡಿದೆ, ಆಗಲಿಲ್ಲ. ಹೊಸ ಕ್ಯಾನ್ವಾಸ್ ತೆಗೆದೆ.

ಈ ಸಲ ಕ್ರಮ ತಿರುಗಿಸಿದೆ. ಮೊದಲು ಅಂಬರ್, ಸ್ವಲ್ಪವೇ ಟರ್ಪೆಂಟೈನ್ ಹಾಕಿ. ತೀರಾ ನೀರು ಮಾಡಿದರೆ ಬಣ್ಣಕ್ಕೆ ಹಿಡಿತ ಉಳಿಯುವುದಿಲ್ಲ. ಆಮೇಲೆ ಬೂದುಬಣ್ಣಗಳಲ್ಲಿ ಬೆಳಕು ನೆರಳು, ಟ್ಯೂಬಿನಿಂದ ಬಂದ ಹಾಗೇ, ತೆಳ್ಳಗೆ. ಅದನ್ನು ವಾರಗಟ್ಟಲೆ ಗೋಡೆಗೆ ಒರಗಿಸಿಟ್ಟೆ. ಕೈ ತುರಿಸುತ್ತಿತ್ತು, ಸುಮ್ನೆ ಇನ್ನೊಂದು ಚಿತ್ರ ಶುರು ಮಾಡಿದೆ. ಕೊನೆಗೆ ಸ್ಟ್ಯಾಂಡ್ ಆಯಿಲ್ (ಕಾಯಿಸಿ ಮಂದ ಮಾಡಿದ ಅಗಸೆ ಎಣ್ಣೆ) ಬೆರೆಸಿದ ಗ್ಲೇಜ್, ಅಂದರೆ ಕೆಳಗಿನದು ಕಾಣುವಂಥ ತೆಳು ಬಣ್ಣದ ಪದರ, ಗಾಜಿನಷ್ಟು ತಿಳಿಯಾಗಿ. ನನ್ನ ಪ್ರೀತಿಯ ಕಪ್ಪಿಗೂ ಜಾಗ ಸಿಕ್ಕಿತು, ಆದರೆ ಎಲ್ಲಕ್ಕಿಂತ ಮೇಲೆ. ಎಣ್ಣೆ ಪದರದಿಂದ ಪದರಕ್ಕೆ ಹೆಚ್ಚುತ್ತಾ ಹೋಯಿತು, ಒಮ್ಮೆಯೂ ಕಡಿಮೆಯಾಗಲಿಲ್ಲ.

ವಾರ್ನಿಶ್‌ಗೆ ಆರು ತಿಂಗಳ ಮೇಲೆ ಕಾದೆ. ಈಗ ಎರಡು ವರ್ಷವಾಯಿತು. ಹಿನ್ನೆಲೆಯಲ್ಲಿ ಒಂದು ಗೆರೆಯೂ ಇಲ್ಲ.